ಎರಡು ಸಲ ಒತ್ತಿದರ ಹಿಡೀತದ

"ತಮ್ಮಾ, ಗಾಡಿ ಬ್ರೇಕ್ ಹ್ಯಾಂಗದ?"

"ಚಲೋ ಅದ ಯಕ್ಕಾ. ಎರಡು ಸಲ ಒತ್ತಿದರ ಹಿಡೀತದ."

ಭೀಮರಾಯನಗುಡಿಯಲ್ಲಿ ಈ ಮಾತು ನಮಗೆ ಹೊಸದಲ್ಲ. ಶಹಾಪುರದ ಸಂತೆಗೆ ಹೋಗುವ ಜೀಪಿನಲ್ಲಿ ಕೇಳಿದ್ದೇವೆ. ಮದುವೆಗೆ ಬಾಡಿಗೆ ಹಿಡಿದ ಕಾರಿನಲ್ಲೂ ಕೇಳಿದ್ದೇವೆ. ಹೇಳುವವ ನಗುತ್ತ ಹೇಳುತ್ತಾನೆ. ಕೇಳುವವರು ಸುಮ್ಮನೆ ಹತ್ತಿ ಕೂಡುತ್ತಾರೆ.

ಸ್ವಲ್ಪ ಲೆಕ್ಕ ಹಾಕೋಣ. ಗಾಡಿ ತಾಸಿಗೆ 60 ಕಿಲೋಮೀಟರ್ ಓಡುತ್ತಿದೆ. ಅಂದರೆ ಒಂದು ಸೆಕೆಂಡಿಗೆ ಸುಮಾರು 17 ಮೀಟರ್. ಎತ್ತು ಕಟ್ಟಿದ ಮೂರು ಬಂಡಿ ಸಾಲಾಗಿ ನಿಂತಷ್ಟು ದೂರ. ಎದುರಿಗೆ ಎಮ್ಮೆ ಬಂತು. ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗುವುದರೊಳಗೇ ಒಂದು ಸೆಕೆಂಡು ಹೋಗುತ್ತದೆ. ಮೊದಲ ಸಲ ಒತ್ತಿದ್ದು ಹಿಡಿಯಲಿಲ್ಲ. ಎರಡನೇ ಸಲ ಒತ್ತುವಷ್ಟರಲ್ಲಿ ಮತ್ತೊಂದು ಸೆಕೆಂಡು. ಎಮ್ಮೆ ಅಷ್ಟು ಹೊತ್ತು ಕಾಯುವುದಿಲ್ಲ. ಶಾಲೆಯಿಂದ ಓಡಿ ಬರುವ ಕೂಸೂ ಕಾಯುವುದಿಲ್ಲ.

ಎರಡು ಸಲ ಯಾಕೆ ಒತ್ತಬೇಕಾಗುತ್ತದೆ? ಇದನ್ನು ತಿಳಿಯಲು ಹೋಳಿ ಹಬ್ಬದ ಪಿಚಕಾರಿ ನೆನಪು ಮಾಡಿಕೊಳ್ಳಿ. ಪಿಚಕಾರಿ ತುಂಬ ನೀರಿದ್ದರೆ ಒತ್ತಿದ ಕೂಡಲೇ ಚಿಮ್ಮುತ್ತದೆ. ಒಳಗೆ ಗಾಳಿ ಸೇರಿದ್ದರೆ? ಕೈ ಒಳಗೆ ಹೋಗುತ್ತದೆ, ನೀರು ಮಾತ್ರ ಜೋರಾಗಿ ಬರುವುದಿಲ್ಲ. ಗಾಳಿಯನ್ನು ಅಮುಕಬಹುದು. ನೀರನ್ನಾಗಲಿ ಎಣ್ಣೆಯನ್ನಾಗಲಿ ಹಾಗೆ ಅಮುಕಲು ಬರುವುದಿಲ್ಲ.

ಕಾರು, ಜೀಪಿನ ಬ್ರೇಕೂ ಹೀಗೆಯೇ. ಕಾಲಿನಿಂದ ಒತ್ತಿದರೆ ಬ್ರೇಕ್ ಆಯಿಲ್ ಸಣ್ಣ ಕೊಳವೆಗಳಲ್ಲಿ ನಾಲ್ಕೂ ಗಾಲಿಗೆ ಹೋಗುತ್ತದೆ. ಅಲ್ಲಿ ಅದು ಲೈನಿಂಗನ್ನು ಡ್ರಮ್ಮಿಗೆ, ಇಲ್ಲವೆ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಉಜ್ಜಿ ಉಜ್ಜಿ ಗಾಲಿ ನಿಲ್ಲುತ್ತದೆ. ಕೊಳವೆಯಲ್ಲಿ ಗಾಳಿ ಸೇರಿದರೆ ಪೆಡಲ್ ಮೆತ್ತಗೆ ಆಗುತ್ತದೆ. ಲೈನಿಂಗ್ ಸವೆದು ನಡುವೆ ಸಂದು ಹೆಚ್ಚಾದರೂ ಒಂದು ಸಲ ಒತ್ತಿದರೆ ಸಾಲುವುದಿಲ್ಲ. ಎರಡೂ ರಿಪೇರಿಯ ಕೆಲಸವೇ. ಗಾಳಿ ತೆಗೆಯಲು ಮೇಸ್ತ್ರಿಗೆ ಬಹಳ ಹೊತ್ತು ಬೇಕಿಲ್ಲ.

ಬ್ರೇಕ್ ಕೆಡುವ ಮೊದಲು ಹೇಳಿಯೇ ಕೆಡುತ್ತದೆ. ನಾವು ಕಿವಿ ಕೊಡಬೇಕು, ಅಷ್ಟೆ. ಒತ್ತಿದಾಗ ಕೀಂಯ್ ಅಂದರೆ ಪ್ಯಾಡು ಸವೆದಿರಬಹುದು. ಹಲವು ಕಾರುಗಳ ಪ್ಯಾಡಿನಲ್ಲಿ ಸಣ್ಣ ತಗಡು ಇಟ್ಟಿರುತ್ತಾರೆ. ಪ್ಯಾಡು ಸವೆದಾಗ ಆ ತಗಡು ಡಿಸ್ಕಿಗೆ ತಾಗಿ ಕೂಗಲೆಂದೇ ಇಟ್ಟದ್ದು. ಕರ ಕರ ಸಪ್ಪಳ ಬಂದರೆ ಕಬ್ಬಿಣಕ್ಕೆ ಕಬ್ಬಿಣ ತಿಕ್ಕುತ್ತಿದೆ. ಆಗ ಡಿಸ್ಕೂ ಹಾಳಾಗುತ್ತದೆ, ಖರ್ಚು ದೊಡ್ಡದಾಗುತ್ತದೆ. "ಸಪ್ಪಳ ಬರ್ಲಾಕತ್ತದ, ಬರೋ ವಾರ ತೋರಿಸಿದರಾಯ್ತು" ಅನ್ನುವುದು ಉಳಿತಾಯವಲ್ಲ.

ಒತ್ತಿದಾಗ ಗಾಡಿ ಒಂದೇ ಬದಿಗೆ ಎಳೆದರೆ ಒಂದು ಗಾಲಿ ಸರಿಯಾಗಿ ಹಿಡಿಯುತ್ತಿಲ್ಲ. ಪೆಡಲ್ ಮೇಲೆ ಕಾಲಿಟ್ಟಂತೆಯೇ ಅದು ಮೆಲ್ಲಗೆ ಕೆಳಗೆ ಇಳಿದರೆ ಎಣ್ಣೆ ಎಲ್ಲೋ ಜಾರುತ್ತಿದೆ. ಇಂಥ ಗಾಡಿಯನ್ನು ಮನೆತನಕವೂ ಓಡಿಸಬಾರದು. ಮೇಸ್ತ್ರಿಯನ್ನೇ ಅಲ್ಲಿಗೆ ಕರೆಸಬೇಕು. ಪೆಡಲ್ ಕಲ್ಲಿನಂತೆ ಗಟ್ಟಿಯಾದರೂ ತೊಂದರೆಯೇ. ಎಂಜಿನ್ ನಡೆಯುವಾಗ ಕಾಲಿಗೆ ಬಲ ಕೊಡುವ ಒಂದು ಸಾಧನವಿದೆ, ಅದು ಕೆಟ್ಟಿರಬಹುದು. ಡೀಸೆಲ್ ಉಳಿಸಲು ಇಳುಕಲಿನಲ್ಲಿ ಎಂಜಿನ್ ಬಂದ್ ಮಾಡಿ ಬಿಡುವವರಿದ್ದಾರೆ. ಅವರು ಆ ಬಲವನ್ನೂ ಕಳೆದುಕೊಳ್ಳುತ್ತಾರೆ.

ಈಗ ಎಣ್ಣೆಯ ಮಾತು. ಬಾನೆಟ್ ತೆಗೆದರೆ ಸಣ್ಣ ಡಬ್ಬಿ ಕಾಣುತ್ತದೆ. ಅದರ ಮೇಲೆ ಎರಡು ಗೆರೆ ಇರುತ್ತವೆ. ಎಣ್ಣೆ ಎರಡು ಗೆರೆಗಳ ನಡುವೆ ಇರಬೇಕು. ಇದನ್ನು ನೋಡಲು ಮೇಸ್ತ್ರಿ ಬೇಡ. ಎಣ್ಣೆ ಕೆಳಗಿಳಿದಿದ್ದರೆ ಸುರಿದು ಸುಮ್ಮನಾಗಬೇಡಿ. ಯಾಕೆ ಇಳಿಯಿತು ಅಂತ ಕೇಳಿ. ಪ್ಯಾಡು ಸವೆದರೂ ಎಣ್ಣೆ ಇಳಿಯುತ್ತದೆ, ಸೋರಿದರೂ ಇಳಿಯುತ್ತದೆ.

ಡಬ್ಬಿಯ ಮುಚ್ಚಳದ ಮೇಲೆ ಇಂಗ್ಲಿಷಿನಲ್ಲಿ ಡಾಟ್ ಎಂದು ಬರೆದು ಪಕ್ಕದಲ್ಲಿ 3 ಅಥವಾ 4 ಎಂಬ ಅಂಕಿ ಇರುತ್ತದೆ. ನಿಮಗೆ ಅಂಕಿ ಬರುತ್ತದಲ್ಲ? ಅಂಗಡಿಯವ ಕೊಟ್ಟ ಡಬ್ಬದ ಮೇಲೂ ಅದೇ ಅಂಕಿ ಇದೆಯೇ ನೋಡಿ. ಎಂಜಿನ್ ಆಯಿಲ್ ಹಾಕಲೇಬಾರದು. ಅದು ಒಳಗಿನ ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ.

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ, ತೆರೆದಿಟ್ಟ ಉಪ್ಪಿನ ಹಾಗೆ. ಹೊಸ ಡಾಟ್ 3 ಎಣ್ಣೆ ಕುದಿಯಲು ಕಡಿಮೆ ಅಂದರೂ 205 ಡಿಗ್ರಿ ಬಿಸಿ ಬೇಕು. ತೇವ ಕುಡಿದ ಎಣ್ಣೆ 140 ಡಿಗ್ರಿಯ ಸುಮಾರಿಗೇ ಕುದಿಯಬಹುದು. ಶ್ರೀಶೈಲದ ಘಾಟಿನಲ್ಲಿ ಜನ ತುಂಬಿದ ಗಾಡಿ ಬ್ರೇಕ್ ಒತ್ತಿಕೊಂಡೇ ಇಳಿದರೆ ಗಾಲಿ ಕಾದು ಕೆಂಡವಾಗುತ್ತದೆ. ಎಣ್ಣೆ ಕುದ್ದು ಗುಳ್ಳೆ ಏಳುತ್ತದೆ. ಗುಳ್ಳೆ ಅಂದರೆ ಗಾಳಿ ಇದ್ದ ಹಾಗೆಯೇ. ಪೆಡಲ್ ನೆಲ ಮುಟ್ಟುತ್ತದೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಎಣ್ಣೆ ಬದಲಿಸಬೇಕು. ಘಾಟಿನಲ್ಲಿ ಸಣ್ಣ ಗೇರಿನಲ್ಲಿ ಇಳಿಯಬೇಕು.

ಪ್ಯಾಡಿನ ಉಜ್ಜುವ ಭಾಗ ಎರಡು ಒಂದು ರೂಪಾಯಿ ನಾಣ್ಯ ಒಂದರ ಮೇಲೊಂದು ಇಟ್ಟಷ್ಟು ದಪ್ಪಕ್ಕೆ, ಅಂದರೆ ಸುಮಾರು 3 ಮಿಲಿಮೀಟರಿಗೆ ಬಂದರೆ ಬದಲಿಸಿ. ಎಡಕ್ಕೆ ಒಂದು ಹೊಸದು, ಬಲಕ್ಕೆ ಹಳೆಯದು ಹಾಕಿಸಬೇಡಿ. ಡ್ರಮ್ ಬಿಚ್ಚಿದಾಗ ಬರುವ ಧೂಳನ್ನು ಬಾಯಿಂದ ಊದಬಾರದು. ಹಳೆಯ ಲೈನಿಂಗಿನಲ್ಲಿ ಕಲ್ನಾರು ಇರಬಹುದು. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಗ್ಯಾರೇಜಿನಲ್ಲಿ ಕೆಲಸ ಕಲಿಯುವ ಹುಡುಗರಿಗೆ ಇದನ್ನು ಯಾರೂ ಹೇಳುವುದಿಲ್ಲ. ನೀವು ಹೇಳಿ.

ನಮ್ಮ ಭಾಗಕ್ಕೆ ನಾರಾಯಣಪುರದ ಕಾಲುವೆ ನೀರು ಬಂತು. ಭತ್ತ ಬಂತು, ಹತ್ತಿ ಹೆಚ್ಚಿತು. ಜೊತೆಗೆ ಟ್ರ್ಯಾಕ್ಟರ್ ಬಂದವು. ಟ್ರ್ಯಾಕ್ಟರಿಗೆ ಎಡಗಾಲಿಗೆ ಒಂದು, ಬಲಗಾಲಿಗೆ ಒಂದು ಬ್ರೇಕ್ ಪೆಡಲ್. ಹೊಲದ ತುದಿಯಲ್ಲಿ ಗಕ್ಕನೆ ತಿರುಗಿಸಲು ಅದು ಬೇಕು. ಆದರೆ ರಸ್ತೆಗೆ ಬಂದಾಗ ಎರಡನ್ನೂ ಕೊಂಡಿ ಹಾಕಿ ಜೋಡಿಸಬೇಕು. ಕೊಂಡಿ ಮರೆತು ಜೋರಾಗಿ ಒಂದನ್ನೇ ಒತ್ತಿದರೆ ಟ್ರ್ಯಾಕ್ಟರ್ ತಿರುಗಿ ಮಗುಚುತ್ತದೆ. ಪಕ್ಕದಲ್ಲೇ ಕಾಲುವೆ ಇದ್ದರೆ ಕೇಳುವುದೇ ಬೇಡ. ಹಿಂದಿನ ಟ್ರಾಲಿಗೆ ಬಹಳ ಕಡೆ ಬ್ರೇಕೇ ಇರುವುದಿಲ್ಲ. ಅದು ಹೇರಿದ ಭಾರದ ಸಮೇತ ಹಿಂದಿನಿಂದ ನೂಕುತ್ತದೆ. ಹತ್ತಿ ಬಿಡಿಸಲು ಹೋಗುವ ಹೆಣ್ಣುಮಕ್ಕಳನ್ನು ಅದೇ ಟ್ರಾಲಿಯಲ್ಲಿ ತುಂಬುತ್ತಾರೆ. ಇದು ಕಾನೂನಿಗೆ ವಿರುದ್ಧ. ಕೂಲಿ ಮಾತಾಡುವಾಗಲೇ "ನಮ್ಮನ್ನ ಯಾವ ಗಾಡ್ಯಾಗ ಕರ್ಕೊಂಡು ಹೋಗ್ತೀರಿ?" ಎಂದು ಕೇಳುವ ಹಕ್ಕು ನಿಮಗಿದೆ.

ಓಡುವಾಗಲೇ ಬ್ರೇಕ್ ಹೋದರೆ? ಎಂಜಿನ್ ಬಂದ್ ಮಾಡಬಾರದು. ಪೆಡಲನ್ನು ಬೇಗ ಬೇಗ ಒತ್ತಿ ಬಿಡಬೇಕು. ಗೇರನ್ನು ಒಂದೊಂದಾಗಿ ಇಳಿಸಬೇಕು. ವೇಗ ತಗ್ಗಿದ ಮೇಲೆ ಹ್ಯಾಂಡ್ ಬ್ರೇಕನ್ನು ಮೆಲ್ಲಗೆ ಎಳೆಯಬೇಕು. ಹಾರ್ನ್ ಹೊಡೆಯುತ್ತಲೇ ಇರಬೇಕು.

ಮಳೆಗಾಲದಲ್ಲಿ ಹಳ್ಳ ದಾಟಿದ ಮೇಲೆ ಒಂದು ಕೆಲಸ. ಮೆಲ್ಲಗೆ ಹೋಗುತ್ತ ಬ್ರೇಕನ್ನು ಹಗುರಾಗಿ ಒತ್ತಿ. ಒದ್ದೆಯಾದ ಲೈನಿಂಗ್ ಒಣಗುತ್ತದೆ.

ಓದಿ, ಬರೆಯಿರಿ

ನಿಮ್ಮ ಮನೆಯ ಅಥವಾ ಓಣಿಯ ಒಂದು ಗಾಡಿಯನ್ನು ಆರಿಸಿಕೊಳ್ಳಿ. ಡ್ರೈವರನ್ನು ಕೇಳಿ ಈ ಚೀಟಿ ತುಂಬಿ. ಗಾಡಿಯೊಳಗೆ ಅಂಟಿಸಿ.

ಬ್ರೇಕ್ ಆಯಿಲ್ ಬದಲಿಸಿದ ದಿನ: ............
ಮುಂದೆ ಬದಲಿಸುವ ದಿನ: ............
ಪ್ಯಾಡು, ಲೈನಿಂಗ್ ನೋಡಿದ ದಿನ: ............
ಎಷ್ಟು ಸಲ ಒತ್ತಿದರೆ ಹಿಡಿಯುತ್ತದೆ: ............