ಲೂಸಿಫರನ ಕಥೆ ಬೈಬಲ್‌ನಲ್ಲಿ ಎಲ್ಲಿದೆ?



ಮೂರು ವರ್ಷದಿಂದ ಧರ್ಮೋಪದೇಶ ತರಗತಿಯಲ್ಲಿ ನಾನು ಒಂದು ಕಥೆ ಹೇಳಿಕೊಂಡು ಬಂದಿದ್ದೇನೆ. ದೇವದೂತರಲ್ಲೆಲ್ಲಾ ತೇಜಸ್ವಿಯಾಗಿದ್ದ ಲೂಸಿಫರ್ ಅಹಂಕಾರಪಟ್ಟ, ದೇವರ ಸಿಂಹಾಸನಕ್ಕೇ ಆಸೆಪಟ್ಟ, ಮಹಾದೂತ ಮಿಕಾಯೇಲರು ಅವನನ್ನು ಕೆಳಕ್ಕೆ ದೊಬ್ಬಿದರು, ಅವನೇ ಸೈತಾನನಾದ. ಮಕ್ಕಳಿಗೆ ಬಹಳ ಇಷ್ಟವಾಗುವ ಪಾಠ. ಇತ್ತೀಚೆಗೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಬೈಬಲ್ ತೊಡೆಯ ಮೇಲೆ ಇಟ್ಟುಕೊಂಡೇ ಕೇಳಿದಳು: "ಅಣ್ಣಾ, ಇದು ಯಾವ ಅಧ್ಯಾಯ?" ಯೆಶಾಯ 14 ಎಂದೆ. ಅವಳು ನಾಲ್ಕನೇ ವಚನದಿಂದ ಓದಿಕೊಂಡು ಹೋಗಿ ತಲೆ ಎತ್ತಿದಳು. "ಇದು ಬಾಬಿಲೋನಿಯದ ರಾಜನ ಮೇಲೆ ಹೇಳಿದ್ದಲ್ವಾ ಅಣ್ಣಾ?"

ಹಿಂದಿನ ಬೆಂಚಿನಿಂದ ಪ್ಲಸ್ ಟೂ ಹುಡುಗ ಸೇರಿಸಿದ: "ಆ ಕಥೆ ಬೈಬಲ್‌ದೇ ಅಲ್ಲ, ಹನೋಕನ ಪುಸ್ತಕದಿಂದ ಕದ್ದಿದ್ದು ಅಂತ ಫೋನಲ್ಲಿ ನೋಡಿದ್ದೀನಿ. ಹಾಗಾದ್ರೆ ಎಲ್ಲಾ ಕಟ್ಟುಕಥೆನಾ?"

ಆ ದಿನ ನನ್ನ ಹತ್ತಿರ ಉತ್ತರ ಇರಲಿಲ್ಲ. ಫಾದರ್ ಬಳಿ ಹೋಗಿ ಒಪ್ಪಿಕೊಂಡೆ. ಅವರು ನಕ್ಕು, ಕಪಾಟಿನಿಂದ ಎರಡು ಪುಸ್ತಕ ತೆಗೆದುಕೊಟ್ಟು, ಓದಿ ಬರೆದುಕೊಂಡು ಬಾ ಎಂದರು. ಓದಿದ್ದನ್ನು ಇಲ್ಲಿ ಬರೆದಿದ್ದೇನೆ. ತರಗತಿಯಲ್ಲಿ ನಾನು ಹೇಳಿದ್ದಕ್ಕೆ ಇದು ತಿದ್ದುಪಡಿ ಎಂದೂ ಓದಿಕೊಳ್ಳಬಹುದು.

ಮೊದಲು ಯೆಶಾಯ. ಆ ಹುಡುಗಿ ಹೇಳಿದ್ದು ಸರಿ. ಜನರನ್ನು ತುಳಿದಾಳಿದ ಬಾಬಿಲೋನಿಯದ ಅರಸ ಸತ್ತು ಪಾತಾಳಕ್ಕೆ ಇಳಿದಾಗ ಹಾಡುವ ಅಣಕದ ಹಾಡು ಅದು. 16ನೇ ವಚನದಲ್ಲಿ ಅವನನ್ನು ನೋಡಿದವರು, ಭೂಮಿಯನ್ನು ನಡುಗಿಸಿದ ಮನುಷ್ಯ ಇವನೇನಾ ಎಂದು ಕೇಳುತ್ತಾರೆ. ಅಲ್ಲಿರುವುದು ಮನುಷ್ಯ, ದೇವದೂತನಲ್ಲ. 12ನೇ ವಚನದಲ್ಲಿ ಪ್ರವಾದಿ ಅವನನ್ನು ಕರೆಯುವ ಹೀಬ್ರೂ ಮಾತು "ಹೇಲೆಲ್ ಬೆನ್ ಶಾಹರ್". ಹೊಳೆಯುವವನೇ, ಮುಂಜಾವಿನ ಮಗನೇ ಎಂದು ಅರ್ಥ. ಅಂದರೆ ಬೆಳ್ಳಿ. ನಮ್ಮ ಅಜ್ಜ ಬೆಳ್ಳಿ ಮೂಡುವ ಹೊತ್ತಿಗೆ ಹೊಲಕ್ಕೆ ಹೊರಡುತ್ತಿದ್ದರಲ್ಲ, ಅದೇ ಬೆಳ್ಳಿ. ಮೊದಲ ಪೂಜೆಗೆ ಬರುವ ತಮಿಳಿನವರ ಬೈಬಲ್ ತೆಗೆದು ನೋಡಿ, ಅಲ್ಲಿ "ವಿಡಿವೆಳ್ಳಿ" ಎಂದೇ ಇದೆ.

ಇಲ್ಲಿ ನನ್ನ ಬಿ.ಎಸ್ಸಿ. ಸ್ವಲ್ಪ ಉಪಯೋಗಕ್ಕೆ ಬಂತು. ಬೆಳ್ಳಿ ಎಂದರೆ ಶುಕ್ರಗ್ರಹ. ಅದು ಭೂಮಿಗಿಂತ ಸೂರ್ಯನಿಗೆ ಹತ್ತಿರ ಸುತ್ತುವುದರಿಂದ ನಮ್ಮ ಕಣ್ಣಿಗೆ ಸೂರ್ಯನಿಂದ ಸುಮಾರು 47 ಡಿಗ್ರಿಗಿಂತ ದೂರ ಹೋಗುವುದೇ ಇಲ್ಲ. ನಡುರಾತ್ರಿ ನೆತ್ತಿಯ ಮೇಲೆ ಬೆಳ್ಳಿಯನ್ನು ಯಾರೂ ಕಂಡಿಲ್ಲ. ಬೆಳಗಿನ ಜಾವ ಪೂರ್ವದಲ್ಲಿ ಎಲ್ಲಾ ನಕ್ಷತ್ರಗಳಿಗಿಂತ ಪ್ರಕಾಶವಾಗಿ ಏರುತ್ತದೆ, ಆಕಾಶದ ತುದಿ ಮುಟ್ಟುವ ಮುಂಚೆಯೇ ಸೂರ್ಯ ಬಂದು ಅಳಿಸಿಬಿಡುತ್ತಾನೆ. ಎಲ್ಲರಿಗಿಂತ ಮೇಲೆ ಕೂರಬೇಕೆಂದು ಹೊರಟು ಕಾಣದೇ ಹೋದ ಅರಸನಿಗೆ ಇದಕ್ಕಿಂತ ಒಪ್ಪುವ ಹೋಲಿಕೆ ಇನ್ನೊಂದಿಲ್ಲ. ಸಿರಿಯಾದ ಉಗಾರಿತ್‌ನಲ್ಲಿ 1929ರಿಂದ ಅಗೆದು ತೆಗೆದ ಮಣ್ಣಿನ ಹಲಗೆಗಳಲ್ಲಿ ಅಥ್ತರ್ ಎಂಬ ದೇವತೆ ಬಾಳನ ಸಿಂಹಾಸನದಲ್ಲಿ ಕೂತು, ಕಾಲು ಪೀಠಕ್ಕೆ ಎಟುಕದೆ ಇಳಿದುಬಂದ ಕಥೆ ಇದೆ. ಯೆಶಾಯನ ಹಾಡಿನ ಹಿಂದೆ ಇಂಥ ಕಾನಾನ್ಯ ಕಥೆ ಇದ್ದಿರಬೇಕು ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ.

ಹಾಗಾದರೆ ಲೂಸಿಫರ್ ಎಂಬ ಹೆಸರು? ಸಂತ ಜೆರೋಮ್ ಬೈಬಲನ್ನು ಲತೀನಿಗೆ ತರುವಾಗ ಬೆಳ್ಳಿಗೆ ಆ ಭಾಷೆಯಲ್ಲಿದ್ದ ಪದವನ್ನೇ ಹಾಕಿದರು. ಅದು "ಲೂಸಿಫರ್", ಬೆಳಕು ತರುವವನು. ಅದು ಬೈಗುಳವಾಗಿರಲಿಲ್ಲ. ಪೇತ್ರನ ಎರಡನೆಯ ಪತ್ರ 1:19ರಲ್ಲಿ ನಮ್ಮ ಹೃದಯದಲ್ಲಿ ಮೂಡುವ ಉದಯತಾರೆಗೂ ಲತೀನಿನಲ್ಲಿ ಅದೇ ಪದ. ಪಾಸ್ಖ ಜಾಗರಣೆಯ ರಾತ್ರಿ ದೊಡ್ಡ ಮೇಣದಬತ್ತಿಯ ಮುಂದೆ ಹಾಡುವ ಪಾಸ್ಖ ಘೋಷಣೆಯ ಲತೀನ್ ಮೂಲದಲ್ಲಿ ಎಂದೂ ಮುಳುಗದ ಲೂಸಿಫರ್ ಎಂದು ಕರೆಯುವುದು ಯೇಸುಕ್ರಿಸ್ತರನ್ನೇ. 4ನೇ ಶತಮಾನದಲ್ಲಿ ಸಾರ್ಡೀನಿಯಾದ ಕಲಿಯಾರಿಯ ಬಿಷಪರೊಬ್ಬರ ಹೆಸರೇ ಲೂಸಿಫರ್! ಇದನ್ನು ಹೇಳಿದಾಗ ತರಗತಿಯಲ್ಲಿ ನಗು ನಿಲ್ಲಿಸಲು ಐದು ನಿಮಿಷ ಬೇಕಾಯಿತು.

ಯೆಜೆಕಿಯೇಲ 28ರ ವಿಷಯವೂ ಹಾಗೆಯೇ. ಏದೆನ್ ತೋಟದಲ್ಲಿದ್ದ, ರತ್ನಗಳಿಂದ ಅಲಂಕೃತನಾದ ಕೆರೂಬಿ ಎಂದು ಹೇಳಿರುವುದು ವ್ಯಾಪಾರದಿಂದ ಕೊಬ್ಬಿದ ಟೈರ್ ಪಟ್ಟಣದ ಅರಸನ ಕುರಿತು. ಈ ಎರಡೂ ಭಾಗಗಳಿಗೆ ಸೈತಾನನ ಪತನ ಎಂಬ ಒಳಾರ್ಥವನ್ನು 3ನೇ ಶತಮಾನದಲ್ಲಿ ಓರಿಜೆನ್ ಜೋಡಿಸಿ ತೋರಿಸಿದರು. ಅವರ ನಂತರ ಬಂದವರು ಆ ದಾರಿ ಹಿಡಿದರು. ರಾಜರ ಅಹಂಕಾರದಲ್ಲಿ ಅದಕ್ಕಿಂತ ಹಳೆಯ ಒಂದು ಅಹಂಕಾರದ ನೆರಳನ್ನು ಕಂಡದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ಆದರೆ ಅದು ಓದುವ ರೀತಿ. ವಚನದ ನೇರ ಅರ್ಥವೇ ಅದು ಎಂದು ಮಕ್ಕಳಿಗೆ ಹೇಳಿದ್ದು ನನ್ನ ತಪ್ಪು.

ಇನ್ನು ಸೈತಾನ. ಈ ಹೀಬ್ರೂ ಪದಕ್ಕೆ ಎದುರಾಳಿ, ದೂರು ಹೇಳುವವನು ಎಂದರ್ಥ. ಯೋಬನ ಗ್ರಂಥದ ಮೊದಲ ಎರಡು ಅಧ್ಯಾಯದಲ್ಲಿ ಅವನು ದೇವರ ಸಭೆಗೆ ಬಂದು ನಿಲ್ಲುತ್ತಾನೆ, ಸರ್ಕಾರಿ ವಕೀಲನಂತೆ ಯೋಬನ ಮೇಲೆ ಸಂಶಯ ಎತ್ತುತ್ತಾನೆ, ಅಪ್ಪಣೆ ಇಲ್ಲದೆ ಏನೂ ಮಾಡಲಾರ. ಜೆಕರ್ಯ 3ರಲ್ಲೂ ಅದೇ ಕೆಲಸ. 2 ಸಮುವೇಲ 24ರಲ್ಲಿ ದಾವೀದನನ್ನು ಜನಗಣತಿಗೆ ಪ್ರೇರೇಪಿಸಿದ್ದು ದೇವರ ಕೋಪ. ಅದೇ ಘಟನೆಯನ್ನು ಬಾಬಿಲೋನಿಯದ ಸೆರೆಯ ನಂತರ ಬರೆದ 1 ಪೂರ್ವಕಾಲವೃತ್ತಾಂತ 21ರಲ್ಲಿ ಓದಿ, ಪ್ರೇರೇಪಿಸಿದವನು ಸೈತಾನ. ಎರಡನ್ನೂ ಪಕ್ಕದಲ್ಲಿಟ್ಟು ಓದಿದರೆ ದೇವಜನರ ತಿಳಿವಳಿಕೆ ಹೇಗೆ ಬೆಳೆಯಿತು ಎಂಬುದು ಯಾರೂ ವಿವರಿಸದೆಯೇ ಕಾಣುತ್ತದೆ.

ಪ್ಲಸ್ ಟೂ ಹುಡುಗನ ಹನೋಕನ ಪುಸ್ತಕಕ್ಕೆ ಬರೋಣ. ಆದಿಕಾಂಡ 6ರ ಮೊದಲ ನಾಲ್ಕು ವಚನಗಳಲ್ಲಿ ದೇವಪುತ್ರರು ಮನುಷ್ಯಪುತ್ರಿಯರನ್ನು ಮದುವೆಯಾದ ಒಂದು ಒಗಟಿನಂಥ ಮಾತಿದೆ. ಯೇಸು ಹುಟ್ಟುವುದಕ್ಕೆ ಇನ್ನೂರು, ಮುನ್ನೂರು ವರ್ಷ ಮುಂಚೆ ಯೆಹೂದ್ಯರು ಅದನ್ನು ಹಿಗ್ಗಿಸಿ ಬರೆದರು. ಇನ್ನೂರು ದೂತರು ಹೆರ್ಮೋನ್ ಬೆಟ್ಟದ ಮೇಲೆ ಆಣೆ ಇಟ್ಟು ಕೆಳಗಿಳಿದರು, ಅಜಾಜೇಲ್ ಮನುಷ್ಯರಿಗೆ ಕತ್ತಿ ಮಾಡುವುದನ್ನೂ ಕಣ್ಣಿಗೆ ಬಣ್ಣ ಹಚ್ಚುವುದನ್ನೂ ಕಲಿಸಿದ. (ಕಾಡಿಗೆಯನ್ನು ಕತ್ತಿಯ ಜೊತೆ ಸೇರಿಸಿದ್ದಕ್ಕೆ ನಮ್ಮ ಹುಡುಗಿಯರು ತೀವ್ರವಾಗಿ ಆಕ್ಷೇಪಿಸಿದರು.) ಇಲ್ಲಿ ಪತನದ ಕಾರಣ ಆಸೆ, ಸಿಂಹಾಸನದ ಸುದ್ದಿಯೇ ಇಲ್ಲ. ಅಂದರೆ ನಾವು ಹೇಳುವ ಲೂಸಿಫರನ ಕಥೆ ಇದರಿಂದ "ಕದ್ದಿದ್ದು" ಎಂಬುದು ಸರಿಯಲ್ಲ. ಈ ಪುಸ್ತಕ ಪೂರ್ತಿಯಾಗಿ ಉಳಿದಿರುವುದು ಇಥಿಯೋಪಿಯಾದ ಗೀಜ್ ಭಾಷೆಯಲ್ಲಿ ಮಾತ್ರ. ಅಲ್ಲಿನ ಆರ್ಥೊಡಾಕ್ಸ್ ಸಭೆಗೆ ಅದು ಪವಿತ್ರಗ್ರಂಥದ ಭಾಗ. ಅದರ ಅರಮಾಯಿಕ್ ಚೂರುಗಳು ಮೃತಸಮುದ್ರದ ಹತ್ತಿರ ಕುಮ್ರಾನಿನ ಗುಹೆಯಲ್ಲಿ ಸಿಕ್ಕಿವೆ.

ಇದನ್ನು ಯಾರೂ ಬಚ್ಚಿಟ್ಟಿಲ್ಲ. ಯೂದನ ಪತ್ರದ 14 ಮತ್ತು 15ನೇ ವಚನ ಹನೋಕನ ಹೆಸರು ಹೇಳಿಯೇ ಅದನ್ನು ಉದ್ಧರಿಸುತ್ತದೆ; 6ನೇ ವಚನ ತಮ್ಮ ಸ್ಥಾನ ಬಿಟ್ಟ ದೂತರ ಕುರಿತು ಹೇಳುತ್ತದೆ. ಆದರೂ ನಮ್ಮ ಧರ್ಮಸಭೆ ಆ ಪುಸ್ತಕವನ್ನು ಬೈಬಲಿಗೆ ಸೇರಿಸಲಿಲ್ಲ. ಸಂತ ಅಗಸ್ಟೀನರು ಆದಿಕಾಂಡದ ದೇವಪುತ್ರರು ದೂತರೇ ಅಲ್ಲ, ಸೇತನ ವಂಶದವರು ಎಂದರು. ಏದೆನಿನ ಹಾವು ಪಿಶಾಚಿ ಎಂಬ ಸುಳಿವು ಕೊಡುವುದು ಸೊಲೊಮೋನನ ಜ್ಞಾನಗ್ರಂಥ 2:24. ಪ್ರೊಟೆಸ್ಟೆಂಟ್ ಗೆಳೆಯರ ಬೈಬಲಿನಲ್ಲಿ ಆ ಗ್ರಂಥ ಸಿಗುವುದಿಲ್ಲ. ಕೊನೆಗೆ ಪ್ರಕಟನೆ 12:9 ಘಟಸರ್ಪ, ಆದಿಯ ಹಾವು, ಪಿಶಾಚಿ, ಸೈತಾನ ನಾಲ್ಕೂ ಒಂದೇ ಎನ್ನುತ್ತದೆ. ಆದರೆ ಗಮನಿಸಿ, ಅಲ್ಲಿ ಮಿಕಾಯೇಲರ ಯುದ್ಧ ಬರುವುದು ಮಗು ಹುಟ್ಟಿ ದೇವರ ಬಳಿಗೆ ಎತ್ತಲ್ಪಟ್ಟ ಮೇಲೆ. ಅದನ್ನು ಆದಾಮನಿಗಿಂತ ಮುಂಚಿನ ಕಾಲಕ್ಕೆ ಇಟ್ಟು ಹೇಳುತ್ತಿದ್ದವನು ನಾನು.

ಇಷ್ಟೆಲ್ಲಾ ಎಳೆಗಳಿದ್ದರೂ ಧರ್ಮಸಭೆ ವಿಶ್ವಾಸವಾಗಿ ಕಲಿಸುವುದು ಬಹಳ ಸ್ವಲ್ಪ. 1215ರ ನಾಲ್ಕನೇ ಲ್ಯಾಟರನ್ ಮಹಾಸಭೆ ಹೇಳಿದ್ದು: ಪಿಶಾಚಿಯನ್ನೂ ಇತರ ದುರಾತ್ಮಗಳನ್ನೂ ದೇವರು ಒಳ್ಳೆಯವರಾಗಿಯೇ ಸೃಷ್ಟಿಸಿದರು, ಅವರು ತಾವಾಗಿ ಕೆಟ್ಟರು. ಕಥೋಲಿಕ ಧರ್ಮೋಪದೇಶ ಗ್ರಂಥದ 391ರಿಂದ 395ರವರೆಗೆ ಓದಿ. ಸೈತಾನ ಸೃಷ್ಟಿಯೇ, ಅವನ ಶಕ್ತಿಗೆ ಮಿತಿ ಇದೆ ಎಂದು ಅಲ್ಲಿ ಸ್ಪಷ್ಟವಾಗಿದೆ. ದೇವರಿಗೆ ಸರಿಸಮನಾದ ಇನ್ನೊಂದು ಕೆಟ್ಟ ದೇವರು ಇಲ್ಲ.

ಇದನ್ನು ಒತ್ತಿ ಬರೆಯಲು ಕಾರಣವಿದೆ. ನಮ್ಮ ಯುವಕೂಟದ ಹುಡುಗನೊಬ್ಬ ಪರೀಕ್ಷೆ ಮುಂಚೆ ನಿದ್ದೆ ಬಾರದೆ ಒದ್ದಾಡುತ್ತಿದ್ದಾಗ, ಅವನೊಳಗೆ ಬಿದ್ದ ದೂತ ಸೇರಿದ್ದಾನೆ ಎಂದು ಯಾರೋ ಹೇಳಿಬಿಟ್ಟರು. ತಿಂಗಳುಗಟ್ಟಲೆ ಅವನು ದೀಪ ಆರಿಸಿ ಮಲಗಲು ಹೆದರಿದ. ಅವನ ತಾಯಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ನಾಚಿಕೊಂಡರು. ನಾನು ತರಗತಿಯಲ್ಲಿ ಹೇಳಿದ ಕಥೆಯನ್ನೂ ಅವನು ಕೇಳಿದ್ದ. ಈಗ ಚಿಕಿತ್ಸೆ ನಡೆಯುತ್ತಿದೆ, ಪೂಜೆಗೂ ಬರುತ್ತಾನೆ.

ಒಂಬತ್ತನೇ ತರಗತಿಯ ಹುಡುಗಿ ಇನ್ನೊಂದು ಪ್ರಶ್ನೆ ಕೊಟ್ಟಿದ್ದಾಳೆ: ಒಳ್ಳೆಯವನಾಗಿಯೇ ಸೃಷ್ಟಿಯಾದವನಿಗೆ ಮೊದಲ ಕೆಟ್ಟ ಯೋಚನೆ ಎಲ್ಲಿಂದ ಬಂತು? ಅದನ್ನು ಫಾದರಿಗೇ ಬಿಟ್ಟಿದ್ದೇನೆ. ಮುಂದಿನ ಭಾನುವಾರ ಕನ್ನಡ ಪೂಜೆಯ ನಂತರ ಅವರೇ ತರಗತಿ ತೆಗೆದುಕೊಳ್ಳುತ್ತಾರೆ. ಅಷ್ಟರೊಳಗೆ ಯೂದನ ಪತ್ರ ಓದಿ ಬನ್ನಿ, 25 ವಚನ ಅಷ್ಟೇ. ಮನೆಯಲ್ಲಿ ತಮಿಳು ಬೈಬಲ್ ಇರುವವರು ಅದನ್ನೂ ತನ್ನಿ.