ಮಳೆಗಾಲಕ್ಕೆ ಮುಂಚೆ ಒಂದು ಸುತ್ತು

ಪಂಚಾಯಿತಿಗೆ ಆರಿಸಿ ಬಂದೆಯಂತೆ, ಕೇಳಿ ಖುಷಿಯಾಯಿತು. ರಸ್ತೆ, ಚರಂಡಿ, ಬೀದಿದೀಪ ಅಂತ ಜನ ಬೆನ್ನು ಹತ್ತುತ್ತಾರೆ, ಅದೆಲ್ಲ ಮಾಡು. ಆದರೆ ನಿಮ್ಮದು ಗುಡ್ಡದ ಬುಡದ ಊರು. ಯಾರೂ ಕೇಳದ, ನೀನೇ ಮೈಮೇಲೆ ಹಾಕಿಕೊಳ್ಳಬೇಕಾದ ಕೆಲಸ ಒಂದಿದೆ: ಗುಡ್ಡ ಕುಸಿಯುವ ಮುಂಚೆಯೇ ಜನರನ್ನು ಸಾಗಿಸುವ ತಯಾರಿ.

1999ರ ಅಕ್ಟೋಬರಿನಲ್ಲಿ ಒಡಿಶಾಕ್ಕೆ ಮಹಾ ಚಂಡಮಾರುತ ಅಪ್ಪಳಿಸಿ ಹತ್ತಿರ ಹತ್ತಿರ 10,000 ಜನ ಸತ್ತರು. ಗಾಳಿ ಬರುತ್ತಿದೆ ಅನ್ನುವ ಸುದ್ದಿ ಇತ್ತು. ಹೋಗಿ ಸೇರಲು ಸಾಕಷ್ಟು ಗಟ್ಟಿ ಕಟ್ಟಡಗಳಿರಲಿಲ್ಲ, ಎಬ್ಬಿಸಿ ಕರೆದೊಯ್ಯುವವರು ಸಾಲಲಿಲ್ಲ. 2013ರಲ್ಲಿ ಫೈಲಿನ್ ಚಂಡಮಾರುತ ಬರುವ ಹೊತ್ತಿಗೆ ಕರಾವಳಿಯುದ್ದಕ್ಕೂ ಆಶ್ರಯ ಕಟ್ಟಡಗಳು ಎದ್ದಿದ್ದವು, ಹಳ್ಳಿಗಳಲ್ಲಿ ತರಬೇತಿ ಪಡೆದ ಹುಡುಗರಿದ್ದರು. ಸುಮಾರು ಹತ್ತು ಲಕ್ಷ ಜನರನ್ನು ಮೊದಲೇ ಸಾಗಿಸಿದರು. ಸಾವು ನೂರು ದಾಟಲಿಲ್ಲ. ಬಡ ರಾಜ್ಯವೇ ಇಷ್ಟು ಮಾಡಿ ತೋರಿಸಿದ ಮೇಲೆ ನಮಗೆ ಆಗದು ಅನ್ನಬೇಡ.

ನಮ್ಮ ಕರ್ನಾಟಕದಲ್ಲೂ ಯಂತ್ರಗಳಿಗೆ ಬರವಿಲ್ಲ. ಬರದ ಲೆಕ್ಕ ಇಡಲು 1988ರಲ್ಲಿ ಹುಟ್ಟಿದ ಘಟಕವೇ ಬೆಳೆದು ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ, ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕ ನೆಟ್ಟಿದೆ. ಎಚ್ಚರಿಕೆ ಈಗ ಮೊಬೈಲಿಗೇ ಬರುತ್ತದೆ, ಮುಂದೆ ಇನ್ನೂ ಚುರುಕಾಗುತ್ತದೆ. ಆದರೆ ರೆಡ್ ಅಲರ್ಟ್ ಅಂದರೆ ಏನೆಂದು ಜನಕ್ಕೆ ಬಿಡಿಸಿ ಹೇಳುವವರು ಬೇಕು. ಅಂಥ ದಿನ ಬೀಳಬಹುದಾದ 200 ಮಿಲಿಮೀಟರ್ ಮಳೆಯೆಂದರೆ ಒಂದೊಂದು ಚದರ ಮೀಟರಿನ ಮೇಲೂ 200 ಲೀಟರ್ ನೀರು. ಅದನ್ನು ಒಂದು ಹೆಕ್ಟೇರ್ ಇಳಿಜಾರಿಗೆ ಗುಣಿಸು, 20 ಲಕ್ಷ ಲೀಟರ್. ಬುಡ ಕಡಿದ ಗುಡ್ಡ ಅಷ್ಟನ್ನು ತಡೆದುಕೊಳ್ಳುವುದಾದರೂ ಹೇಗೆ? 2018ರಲ್ಲಿ ಕೊಡಗು ಕುಸಿದದ್ದನ್ನು ಕಂಡೆವು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲಿನ ಗುಡ್ಡ ಗಂಗಾವಳಿ ನದಿಗೆ ಬಿತ್ತು. ಎದ್ದ ಅಲೆ ಆಚೆ ದಡದ ಉಳುವರೆಯ ಮನೆಗಳಿಗೂ ಬಡಿಯಿತು.

ಅದಕ್ಕೇ ಮೇ ತಿಂಗಳಲ್ಲಿ ಆಶಾ ಕಾರ್ಯಕರ್ತೆಯನ್ನು ಜೊತೆಗಿಟ್ಟುಕೊಂಡು ಇಳಿಜಾರಿನ ಮನೆಗಳಿಗೆಲ್ಲ ಹೋಗಿ ಬಾ. ಹಾಸಿಗೆ ಹಿಡಿದವರು ಯಾರು, ದಿನ ತುಂಬಿದ ಬಸುರಿ ಯಾರು, ಕಿವಿ ಕೇಳದವರು ಯಾರು, ಬರೆದುಕೊ. ಒಬ್ಬೊಬ್ಬರನ್ನೂ ಎತ್ತಿ ತರಲು ಅಕ್ಕಪಕ್ಕದ ಇಬ್ಬರ ಹೆಸರು ಮುಂದೆ ಬರೆ, ಅವರ ಒಪ್ಪಿಗೆ ಕೇಳಿಯೇ ಬರೆ. ಹಿತ್ತಿಲಲ್ಲಿ ಹೊಸ ಬಿರುಕಿದೆಯಾ, ಕಂಬ ವಾಲಿದೆಯಾ, ಮುಚ್ಚುತ್ತಿದ್ದ ಬಾಗಿಲು ಈಗ ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆಯಾ ನೋಡು. ಹರಿಯುವ ತೊರೆ ಇದ್ದಕ್ಕಿದ್ದಂತೆ ಕೆಸರಾದರೆ, ಇಲ್ಲವೇ ಸುರಿಮಳೆಯಲ್ಲೂ ನೀರು ಕಡಿಮೆಯಾದರೆ ಆ ಗಳಿಗೆಯೇ ಮನೆ ಬಿಡಬೇಕೆಂದು ಮಕ್ಕಳಿಗೂ ಕಲಿಸು. ಮನೆ ಹಿಂದಿನ ಗುಡ್ಡಕ್ಕೆ ಜೆಸಿಬಿ ಹಚ್ಚುವವರು ನಿನ್ನ ನೆಂಟರಾದರೂ ತಡೆ, ಮನಸ್ತಾಪವಾದರೆ ಆಗಲಿ.

ಜೋರು ಮಳೆಗೆ ಮೊದಲು ಹೋಗುವುದು ಕರೆಂಟು, ಆಮೇಲೆ ಟವರ್. ಬ್ಯಾಟರಿಯ ಧ್ವನಿವರ್ಧಕ ಒಂದನ್ನು ಪಂಚಾಯಿತಿಯಲ್ಲಿಡಿಸು. ದೇವಸ್ಥಾನ, ಮಸೀದಿ, ಚರ್ಚಿನವರೊಂದಿಗೂ ಮಾತಾಡಿ ಎಚ್ಚರಿಕೆಯ ಕೂಗು ಯಾವುದೆಂದು ಗೊತ್ತು ಮಾಡಿಕೊ.

ಇನ್ನೊಂದು. ಕರೆದರೂ ಎಷ್ಟೋ ಜನ ಬರುವುದಿಲ್ಲ, ಕೊಟ್ಟಿಗೆಯಲ್ಲಿ ಹಸು ಕಟ್ಟಿರುತ್ತದೆ. ಅವರನ್ನು ಗದರಬೇಡ. ಶಾಲೆಯ ಕೋಣೆ ಜನಕ್ಕೆಂದು ಗೊತ್ತು ಮಾಡುವಾಗಲೇ ದನಕ್ಕೂ ಎತ್ತರದಲ್ಲೊಂದು ಜಾಗ, ಎರಡು ದಿನದ ಹುಲ್ಲು ಗೊತ್ತು ಮಾಡು. ಕತ್ತಲಾಗುವ ಮುಂಚೆ ದನ ಹೊಡೆದುಕೊಂಡು ಹೋಗಿಬಿಟ್ಟರೆ ಮನೆಯವರು ಹಿಂದೆಯೇ ಬರುತ್ತಾರೆ.