ಅನಿಲದ ಉರಿಯಲ್ಲಿ ಸುಡುವ ಅಡುಗೆ

ಒಲೆಯ ಕೆಂಡದಲ್ಲಿ ಬದನೆಕಾಯಿ ಸುಟ್ಟು ಗೊಜ್ಜು ಮಾಡುವುದು, ಮುಸುಕಿನ ಜೋಳದ ತೆನೆ ಸುಡುವುದು ನಮ್ಮ ಹಳ್ಳಿಗಳಲ್ಲಿ ಹಿಂದಿನಿಂದ ಬಂದ ಪದ್ಧತಿ. ಈಗ ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಸುತ್ತಣ ಗ್ರಾಮಗಳಲ್ಲಿಯೂ, ದುಡಿಮೆಗಾಗಿ ಅಲ್ಲಿಗೆ ಬಂದ ದಂಪತಿಗಳ ಬಾಡಿಗೆಯ ಕೋಣೆಗಳಲ್ಲಿಯೂ ಅನಿಲದ ಒಲೆ ಬಂದಿದೆ. ಇದರಲ್ಲಿಯೂ ಸುಟ್ಟ ಅಡುಗೆಯ ರುಚಿಯನ್ನು ಪಡೆಯಬಹುದು. ಆದರೆ ಅದರ ಕ್ರಮವನ್ನು ಗಂಡ ಹೆಂಡತಿ ಇಬ್ಬರೂ ಅರಿತಿರಬೇಕು.

ಕೆಲವರು ರುಚಿಯ ಆಸೆಯಿಂದ ಇದ್ದಿಲಿನ ಅಗ್ಗಿಷ್ಟಿಕೆಯನ್ನು ಕೋಣೆಯೊಳಗೆ ತಂದು ಬಾಗಿಲು ಮುಚ್ಚುತ್ತಾರೆ. ಇದು ಪ್ರಾಣಾಪಾಯಕರ. ಇದ್ದಿಲಿನಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳದೆಯೇ ಹೋಗಬಹುದು. ಗರ್ಭಿಣಿಗೂ ಆಕೆಯ ಗರ್ಭದಲ್ಲಿರುವ ಶಿಶುವಿಗೂ ಇದರಿಂದ ಹೆಚ್ಚಿನ ಹಾನಿ. ಇದ್ದಿಲನ್ನು ಬಯಲಿನಲ್ಲಿ ಮಾತ್ರ ಉರಿಸಿರಿ.

ಸುಡುವ ಕ್ರಮ

ಒಲೆಯ ಮೇಲಿಡಲು ತುಕ್ಕು ಹಿಡಿಯದ ಉಕ್ಕಿನ ಜಾಲರಿ ಬೇಕು. ಕಾರ್ಖಾನೆಯ ಗುಜರಿಯಲ್ಲಿ ದೊರೆಯುವ ಸತುವಿನ ಲೇಪದ ತಂತಿಬಲೆಯನ್ನು ಬಳಸಕೂಡದು. ಅತಿಯಾಗಿ ಕಾದಾಗ ಆ ಲೇಪದಿಂದೇಳುವ ಹೊಗೆ ಉಸಿರಿಗೆ ಕೆಟ್ಟದ್ದು.

ಉರಿಯು ನೀಲಿಯಾಗಿರಲಿ. ಹಳದಿಯಾಗಿ ಮಸಿ ಕಟ್ಟಿದರೆ ಬರ್ನರಿನ ರಂಧ್ರಗಳು ಕಟ್ಟಿಕೊಂಡಿರಬಹುದು. ಒಲೆ ಆರಿದ ಮೇಲೆ ಅವನ್ನು ಶುಚಿಗೊಳಿಸಿರಿ.

ಬದನೆಕಾಯಿಗೆ ಅಲ್ಲಲ್ಲಿ ಚುಚ್ಚಿ, ತೆಳುವಾಗಿ ಎಣ್ಣೆ ಸವರಿ, ನಡು ಉರಿಯಲ್ಲಿ ಆಗಾಗ ತಿರುವುತ್ತಾ ಸುಡಬೇಕು. ಚುಚ್ಚದೆ ಸುಟ್ಟರೆ ಒಳಗಿನ ಹಬೆಯಿಂದ ಸಿಡಿಯುವುದುಂಟು. ತೊಟ್ಟಿನ ಬಳಿ ಒತ್ತಿದರೆ ಮೆತ್ತಗಾಗಿದ್ದಲ್ಲಿ ಬೆಂದಿತೆಂದು ತಿಳಿಯಿರಿ.

ಕೋಳಿಮಾಂಸವನ್ನು ನೇರವಾಗಿ ದೊಡ್ಡ ಉರಿಗೆ ಹಿಡಿದರೆ ಹೊರಗೆ ಕರಕಾಗಿ ಒಳಗೆ ಹಸಿಯಾಗಿ ಉಳಿಯುವುದು. ಆದುದರಿಂದ ಮೊಸರು, ಅರಿಶಿನ, ಉಪ್ಪು, ಖಾರ ಹಚ್ಚಿಟ್ಟ ತುಂಡುಗಳನ್ನು ಮೊದಲು ಬಾಣಲೆಯಲ್ಲಿ ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಪೂರ್ತಿ ಬೇಯಿಸಿರಿ. ಒಳಗಿನ ಕೆಂಪು ಮಾಯವಾಗಿ ರಸ ತಿಳಿಯಾದ ಮೇಲೆ ಜಾಲರಿಯ ಮೇಲಿಟ್ಟು ಎರಡೂ ಬದಿ ಕೆಂಪಗೆ ಸುಡಿರಿ. ಕೊಬ್ಬನ್ನು ಮೊದಲೇ ತೆಗೆದಿದ್ದರೆ ಅದು ತೊಟ್ಟಿಕ್ಕಿ ಉರಿ ಭುಗಿಲೇಳುವುದಿಲ್ಲ. ಕರಕಾದ ಭಾಗ ದೇಹಕ್ಕೆ ಹಿತವಲ್ಲ, ಅದನ್ನು ತೆಗೆದುಹಾಕಿರಿ.

ಎಚ್ಚರಿಕೆಗಳು

ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ, ಒಲೆಯನ್ನು ಅದಕ್ಕಿಂತ ಎತ್ತರದಲ್ಲಿಡಿರಿ. ಮೊದಲು ಕಡ್ಡಿ ಗೀರಿ, ಬಳಿಕ ಒಲೆಯ ಗುಂಡಿ ತಿರುಗಿಸಿರಿ. ಐ.ಎಸ್.ಐ. ಗುರುತಿನ ರಬ್ಬರು ಕೊಳವೆಯನ್ನೇ ಬಳಸಿ, ಬಿರುಕು ಕಂಡೊಡನೆ ಬದಲಾಯಿಸಿರಿ. ಬಿರುಕಿಲ್ಲದಿದ್ದರೂ 5 ವರ್ಷಗಳಿಗಿಂತ ಹೆಚ್ಚು ಕಾಲ ಇಡಬೇಡಿರಿ. ಸೋರಿಕೆಯನ್ನು ಸಾಬೂನು ನೀರು ಸವರಿ ನೋಡಬೇಕೇ ಹೊರತು ಬೆಂಕಿಕಡ್ಡಿ ಹಿಡಿದಲ್ಲ.

ಈ ಅನಿಲವು ಗಾಳಿಗಿಂತ ಭಾರವಾದುದರಿಂದ ಸೋರಿದಾಗ ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ಹೀಗಿರುವಾಗ ಸೊಳ್ಳೆ ಬಾರದಿರಲೆಂದು ಬಾಗಿಲ ಕೆಳಗಿನ ಸಂದಿಗೆ ಬಟ್ಟೆ ತುರುಕುವುದು ತರವಲ್ಲ. ಸೋರಿಕೆ ತಿಳಿಯಲೆಂದೇ ಇದಕ್ಕೆ ಕೆಟ್ಟ ವಾಸನೆಯನ್ನು ಬೆರೆಸಿರುತ್ತಾರೆ. ಆ ವಾಸನೆ ಬಂದರೆ ಉರಿಯುವ ದೀಪ, ಊದುಬತ್ತಿಗಳನ್ನು ಆರಿಸಿ, ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಮಕ್ಕಳೊಡನೆ ಹೊರಬನ್ನಿರಿ. ವಿದ್ಯುತ್ ಗುಂಡಿಯನ್ನು ಹಾಕಲೂ ಬೇಡಿರಿ, ಆರಿಸಲೂ ಬೇಡಿರಿ. ಹೊರಗೆ ನಿಂತು 1906 ಸಂಖ್ಯೆಗೆ ಕರೆ ಮಾಡಿರಿ.

ಒಬ್ಬರು ರಾತ್ರಿ ಪಾಳಿಗೆ ಹೋದಾಗ ಮನೆಯಲ್ಲಿ ಉಳಿಯುವವರು ಇನ್ನೊಬ್ಬರು. ಆದುದರಿಂದ ಅಡುಗೆ ಹೆಂಗಸಿನ ಕೆಲಸವೆಂದು ಗಂಡನಾಗಲಿ, ಸಿಲಿಂಡರು ಗಂಡಸಿನ ಕೆಲಸವೆಂದು ಹೆಂಡತಿಯಾಗಲಿ ದೂರ ನಿಲ್ಲಕೂಡದು. ಇಂದೇ ಇಬ್ಬರೂ ರೆಗ್ಯುಲೇಟರನ್ನು ಮುಚ್ಚಿ ತೆರೆದು ಅಭ್ಯಾಸ ಮಾಡಿಕೊಳ್ಳಿರಿ. ಮಲಗುವ ಮುನ್ನ ಅದು ಮುಚ್ಚಿದೆಯೇ ಎಂದು ಒಬ್ಬರನ್ನೊಬ್ಬರು ಕೇಳುವ ರೂಢಿಯನ್ನು ಬೆಳೆಸಿಕೊಳ್ಳಿರಿ.